ಕೂತವರ ಅಳತೆಗೆ ಹೊಲಿದ ಜಾಕೆಟ್: ಪೈಲಟ್‌ಗಳಿಗಾಗಿ ಹದಿಮೂರು ತಿಂಗಳ ಓಡಾಟ

ಹೋದ ವಾರ ಹನ್ನೆರಡನೇ ಜಾಕೆಟ್ಟನ್ನು ಕೊರಿಯರ್‌ಗೆ ಕೊಟ್ಟು ಬಂದೆ. ಮೊದಲ ಬ್ಯಾಚ್ ಅಲ್ಲಿಗೆ ಮುಗಿಯಿತು. 2024ರ ಡಿಸೆಂಬರ್‌ನಲ್ಲಿ ಶುರು ಮಾಡಿದ ಕೆಲಸ 2026ರ ಜನವರಿಯಲ್ಲಿ ಒಂದು ಹಂತಕ್ಕೆ ಬಂತು. ಈ ಹದಿಮೂರು ತಿಂಗಳಲ್ಲಿ ಹೊಲಿದದ್ದಕ್ಕಿಂತ ಅಲೆದದ್ದೇ ಜಾಸ್ತಿ. ಯಾವುದು ಮೊದಲು ಮಾಡಬೇಕು, ಯಾರನ್ನು ಕೇಳಬೇಕು ಅಂತ ಹೇಳುವವರು ಇರಲಿಲ್ಲ. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ಸ್ವಲ್ಪವಾದರೂ ದಾರಿ ಸುಲಭವಾಗಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾನು ಪೈಲಟ್ ಅಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಸ್ಯಾಂಪ್ಲಿಂಗ್ ವಿಭಾಗದಲ್ಲಿ 19 ವರ್ಷ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಕಾಗದದ ಅಚ್ಚು ಮಾಡುವ ಕೆಲಸ ಮಾಡಿದವಳು. ನಮ್ಮ ಅಕ್ಕನ ಮಗಳು ಜಕ್ಕೂರಿನ ವಿಮಾನ ತರಬೇತಿ ಶಾಲೆಯಲ್ಲಿ ಸೆಸ್ನಾ 172 ಅನ್ನುವ ಪುಟ್ಟ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಳು. ಒಂದು ಸಂಜೆ ಆನ್‌ಲೈನ್‌ನಲ್ಲಿ ತರಿಸಿದ್ದ ಬಾಂಬರ್ ಜಾಕೆಟ್ ಹಿಡಿದು ಬಂದಳು. "ಚಿಕ್ಕಮ್ಮ, ಇದನ್ನ ಸ್ವಲ್ಪ ಆಲ್ಟರ್ ಮಾಡಿಕೊಡ್ತೀಯಾ? ನಿಂತಾಗ ಚೆನ್ನಾಗಿರುತ್ತೆ. ಸೀಟಲ್ಲಿ ಕೂತು ಬೆಲ್ಟ್ ಹಾಕಿದ್ರೆ ಜೇಬಿಗೆ ಕೈಯೇ ಹೋಗಲ್ಲ. ಜಿಪ್ ಬಂದು ಗಲ್ಲಕ್ಕೆ ಚುಚ್ಚುತ್ತೆ" ಅಂದಳು.

ಬಟ್ಟೆ ಕೈಗೆ ಬಂದರೆ ಒಳಗಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡುವುದು ನನ್ನ ಹಳೇ ಅಭ್ಯಾಸ. ಸುಟ್ಟೆ. ಎಳೆ ಕರಗಿ, ತೊಟ್ಟಿಕ್ಕಿ, ಗಟ್ಟಿ ಮಣಿಯಂತಾಯಿತು. ನೈಲಾನ್. ಮನೆಯಲ್ಲಿ, ಬಸ್ಸಿನಲ್ಲಿ ಹಾಕಿಕೊಳ್ಳುವವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಈ ಮಗು ಇಂಜಿನ್ ಹಿಂದೆ ಕೂರುತ್ತಾಳೆ. ತಲೆ ಮೇಲಿನ ರೆಕ್ಕೆಯಲ್ಲೇ ಇಂಧನ. ಕರಗಿದ ನೈಲಾನ್ ಚರ್ಮಕ್ಕೆ ಅಂಟಿದರೆ ಬಿಡಿಸಲು ಆಗುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಲ್ಟರ್ ಮಾಡುವ ಯೋಚನೆ ಬಿಟ್ಟು, ಹೊಸದನ್ನೇ ಮಾಡುತ್ತೇನೆ ಅಂತ ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ.

ಬೆಂಗಳೂರಿನಲ್ಲಿ ಜಾಕೆಟ್ ಯಾಕೆ ಅಂತ ಹಲವರು ಕೇಳಿದರು. ನಮ್ಮ ಊರು ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ. ಮೇಲೆ ಹೋದಂತೆ ಸಾವಿರ ಅಡಿಗೆ ಹೆಚ್ಚುಕಡಿಮೆ 2 ಡಿಗ್ರಿ ಇಳಿಯುತ್ತದೆ. ಡಿಸೆಂಬರ್ ಬೆಳಿಗ್ಗೆ ನೆಲದಲ್ಲಿ 15 ಡಿಗ್ರಿ ಇದ್ದರೆ, 7,000 ಅಡಿಯಲ್ಲಿ 7 ಡಿಗ್ರಿ. ಅದಕ್ಕೂ ಮುಂಚೆ, ಬೆಳಕು ಹರಿಯುವ ಹೊತ್ತಿಗೆ ಇಬ್ಬನಿಯಲ್ಲಿ ನಿಂತು ವಿಮಾನದ ಸುತ್ತ ತಪಾಸಣೆ ಮಾಡಬೇಕು. ಆಮೇಲೆ ಬಿಸಿಲೇರಿದರೆ ಅದೇ ಕಾಕ್‌ಪಿಟ್ ಒಲೆಯಂತಾಗುತ್ತದೆ. ಹಾಗಾಗಿ ಒಳಗೆ ತುಂಬಣಿ ಇರುವ ದಪ್ಪ ಜಾಕೆಟ್ ಬೇಡ, ಎರಡು ಪದರದ ಬಟ್ಟೆ ಸಾಕು ಅಂತ ಮೊದಲೇ ತೀರ್ಮಾನಿಸಿದೆ.

ಜನವರಿಯಲ್ಲಿ ಹಳೇ ಜಾಕೆಟ್‌ಗಳ ಬಗ್ಗೆ ಓದಿದೆ. ಅಮೆರಿಕದವರು 1931ರಲ್ಲಿ ಎ-2 ಅನ್ನುವ ಚರ್ಮದ ಜಾಕೆಟ್ ತಂದರು. ಚರ್ಮ ನೆಲದಲ್ಲಿ ಮಳೆಗೋ ಬೆವರಿಗೋ ನೆನೆದರೆ ಮೇಲೆ ಹೋದಾಗ ಮರಗಟ್ಟುತ್ತಿತ್ತು. ಜೆಟ್ ವಿಮಾನ ಬಂದ ಮೇಲೆ ಕಾಕ್‌ಪಿಟ್ ಇಕ್ಕಟ್ಟಾಯಿತು, ಎತ್ತರವೂ ಹೆಚ್ಚಾಯಿತು. ಆಗ ನೈಲಾನ್ ಬಂತು. ಬಿ-15 ಅನ್ನುವ ಜಾಕೆಟ್ಟಿನಲ್ಲಿದ್ದ ತುಪ್ಪಳದ ಕಾಲರ್ ಪ್ಯಾರಾಚೂಟ್ ಪಟ್ಟಿಗೆ ಅಡ್ಡ ಬರುತ್ತಿತ್ತು. ಅದಕ್ಕೇ 1950ರ ದಶಕದ ಎಂಎ-1 ಜಾಕೆಟ್ಟಿನಲ್ಲಿ ಹೆಣೆದ ಗಿಡ್ಡ ಕಾಲರ್ ಬಂತು. ಇವತ್ತು ಅಂಗಡಿಯಲ್ಲಿ ಫ್ಯಾಷನ್ ಅಂತ ಮಾರುವ ಬಾಂಬರ್‌ನ ಮೂಲ ಅದೇ. ಬೆಂಕಿಯ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಅರಾಮಿಡ್ ನೂಲು. ಡ್ಯುಪಾಂಟ್ ಕಂಪನಿಯ ನೋಮೆಕ್ಸ್ ಅದರಲ್ಲಿ ಹೆಸರುವಾಸಿ. ಅದು ಕರಗುವುದಿಲ್ಲ, ತೊಟ್ಟಿಕ್ಕುವುದಿಲ್ಲ. ಬೆಂಕಿ ತಾಗಿದರೆ ಕಪ್ಪಾಗಿ ಕರಟುತ್ತದೆ. ಬೆಂಕಿ ತೆಗೆದರೆ ತಾನೇ ಆರುತ್ತದೆ. ನನಗೆ ಬೇಕಾದದ್ದು ಇದೇ ಅಂತ ಗೊತ್ತಾಯಿತು.

ನಮ್ಮ ಬೀದಿಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಎಎನ್-32 ಸಾಗಣೆ ವಿಮಾನದಲ್ಲಿ ಲೇಹ್ ಕಡೆಗೆಲ್ಲ ಹಾರಿದವರು. ಪೈಲಟ್ ಅಲ್ಲ, ವಿಮಾನದೊಳಗಿನ ಸಿಬ್ಬಂದಿ. ನನ್ನ ಮೊದಲ ಚಿತ್ರ ನೋಡಿದ ತಕ್ಷಣ, "ಅಮ್ಮಾ, ಗುಂಡಿ ಒಂದೂ ಇಡಬೇಡಿ" ಅಂದರು. ಗುಂಡಿ ಕಿತ್ತು ಬಿದ್ದರೆ ಅದು ಎಲ್ಲಿಗೆ ಉರುಳಿ ಯಾವ ಕಂಟ್ರೋಲ್‌ನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಹೇಳಲಾಗದು. ಪ್ರೆಸ್ ಬಟನ್ ಕೂಡ ಬೇಡ ಅಂದರು. ಟೋಪಿ ಬೇಡ, ನೇತಾಡುವ ದಾರ ಬೇಡ, ಹೆಡ್‌ಸೆಟ್ ವೈರ್ ಸಿಕ್ಕಿಕೊಳ್ಳುವ ಪಟ್ಟಿ ಬೇಡ. ಹೀಗೆ ಬೇಡಗಳೇ ಒಂದು ಪುಟವಾದವು. ಇನ್ನೊಂದು ಮಾತನ್ನೂ ಹೇಳಿದರು: "ಪೈಲಟ್ ಕೂತಿರ್ತಾನೆ. ನಾವು ನಿಂತಿರ್ತೀವಿ, ಬಗ್ತೀವಿ, ಮೇಲಕ್ಕೆ ಕೈ ಎತ್ತಿ ಸಾಮಾನು ಕಟ್ತೀವಿ. ನಮಗೆ ಗಿಡ್ಡ ಜಾಕೆಟ್ ಹಾಕಿದ್ರೆ ಸೊಂಟಕ್ಕೆ ಗಾಳಿ ಹೊಡೆಯುತ್ತೆ." ಈ ಮಾತು ಆಮೇಲೆ ನನಗೆ ಬಹಳ ಕೆಲಸ ಕೊಟ್ಟಿತು.

ಫೆಬ್ರವರಿ ಪೂರ್ತಿ ಅನುಮತಿಗೇ ಹೋಯಿತು. ವಿಮಾನ ನಿಲ್ಲುವ ಜಾಗಕ್ಕೆ ಹೊರಗಿನವರು ಸುಮ್ನೆ ಹೋಗುವಂತಿಲ್ಲ. ಹೋಗಬಾರದು ಕೂಡ. ಯಾಕೆ ಬರುತ್ತೇನೆ, ಏನು ಅಳತೆ ಮಾಡುತ್ತೇನೆ ಅಂತ ಪತ್ರ ಬರೆದು, ಆಧಾರ್ ಪ್ರತಿ ಸೇರಿಸಿ ಕೊಟ್ಟೆ. ಮೂರು ವಾರಕ್ಕೆ ಒಪ್ಪಿಗೆ ಬಂತು. ನೀವೂ ಹೋಗುವುದಾದರೆ ಪತ್ರದಲ್ಲಿ ಕ್ಯಾಮೆರಾ ತರುತ್ತೀರಾ ಇಲ್ಲವಾ ಅನ್ನುವುದನ್ನು ಮೊದಲೇ ಬರೆಯಿರಿ. ನಾನು ಬರೆದಿರಲಿಲ್ಲ. ಫೋಟೋ ತೆಗೆಯಲು ಆಗಲಿಲ್ಲ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಚಿತ್ರ ಬಿಡಿಸಿಕೊಂಡು ಬಂದೆ.

ವಿಮಾನದ ಹತ್ತಿರ ಕಳೆದ ಆ ಒಂದು ಗಂಟೆ ನನ್ನ 19 ವರ್ಷದ ಕೆಲಸವನ್ನು ಬೇರೆ ಕಣ್ಣಿನಿಂದ ನೋಡುವ ಹಾಗೆ ಮಾಡಿತು. ನಾವು ಅಳತೆ ತೆಗೆಯುವುದು ನಿಂತವರದ್ದು. ಡಮ್ಮಿ ಕೂಡ ನಿಂತೇ ಇರುತ್ತದೆ. ಅಕ್ಕನ ಮಗಳು ಸೀಟಿನಲ್ಲಿ ಕೂತು, ಎರಡೂ ಕೈ ಮುಂದೆ ಚಾಚಿದಾಗ ಬೆನ್ನಿನ ಅಡ್ಡಳತೆ 5 ಸೆಂಟಿಮೀಟರ್ ಹೆಚ್ಚಾಯಿತು. ಮೊಣಕೈ ಮಡಚಿದಾಗ ತೋಳು 4 ಸೆಂಟಿಮೀಟರ್ ಮೇಲೆ ಸರಿಯಿತು. ಹೊಟ್ಟೆಯ ಹತ್ತಿರ ಮುಂಭಾಗದ ಬಟ್ಟೆ ಮಡಿಕೆ ಬಿದ್ದು ಉಬ್ಬಿತು. ಗಲ್ಲಕ್ಕೆ ಜಿಪ್ ಚುಚ್ಚುತ್ತಿದ್ದದ್ದು ಅದಕ್ಕೇ: ಉಬ್ಬಿದ ಬಟ್ಟೆ ಮೇಲಕ್ಕೆ ತಳ್ಳುತ್ತಿತ್ತು.

ಬೆಲ್ಟ್ ವಿಷಯ ಇನ್ನೂ ದೊಡ್ಡದು. ಸೊಂಟದ ಪಟ್ಟಿ ಕೆಳಗಿನ ಎರಡೂ ಜೇಬುಗಳನ್ನು ಮುಚ್ಚಿಬಿಡುತ್ತದೆ. ಭುಜದ ಪಟ್ಟಿ ಬಾಗಿಲ ಕಡೆಯಿಂದ ಬರುತ್ತದೆ. ಎಡಗಡೆ ಸೀಟಿನಲ್ಲಿ ಕೂತ ವಿದ್ಯಾರ್ಥಿಗೆ ಎಡಭುಜದಿಂದ ಬಲಸೊಂಟಕ್ಕೆ, ಬಲಗಡೆ ಕೂತ ಇನ್‌ಸ್ಟ್ರಕ್ಟರ್‌ಗೆ ಬಲಭುಜದಿಂದ ಎಡಸೊಂಟಕ್ಕೆ. ಹಾಗಾಗಿ ಎಲ್ಲ ಅಂಗಿಗಳಲ್ಲೂ ಇರುವ ಎಡ ಎದೆಯ ಜೇಬು ವಿದ್ಯಾರ್ಥಿಗೆ ಪಟ್ಟಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬಲ ಎದೆಯಲ್ಲಿಟ್ಟರೆ ಅದೇ ಕಷ್ಟ ಇನ್‌ಸ್ಟ್ರಕ್ಟರ್‌ಗೆ. ಕೊನೆಗೆ ಎರಡೂ ಕಡೆ, ನೇರವಾದ ಜಿಪ್ ಇರುವ ಚಪ್ಪಟೆ ಜೇಬು ಇಟ್ಟೆ. ಯಾವುದು ಪಟ್ಟಿಯ ಕೆಳಗೆ ಸಿಕ್ಕಿಕೊಂಡಿರುವುದಿಲ್ಲವೋ ಅದನ್ನು ಬಳಸಿಕೊಳ್ಳಲಿ ಅಂತ. ಪೆನ್ನಿನ ಜೇಬು ಎಡತೋಳಿನ ಮೇಲೆ. ಎಡಗೈ ಯೋಕ್ (ವಿಮಾನದ ಸ್ಟೀರಿಂಗ್) ಮೇಲಿರುವಾಗ ಬಲಗೈಯಿಂದ ಸುಲಭವಾಗಿ ಸಿಗುತ್ತದೆ. ಎಂಎ-1ರಲ್ಲೂ ಪೆನ್ನಿನ ಜಾಗ ಎಡತೋಳೇ.

ಮಾರ್ಚ್‌ನಲ್ಲಿ ಕೋರಾ ಬಟ್ಟೆಯಲ್ಲಿ ಮೂರು ಮಾದರಿ ಹೊಲಿದೆ. ತೋಳನ್ನು ಎರಡು ತುಂಡು ಮಾಡಿ ಮೊಣಕೈ ಹತ್ತಿರ ಬಾಗಿಸಿದೆ. ಬೆನ್ನಿನ ಎರಡೂ ಬದಿಗೆ ಕೈ ಚಾಚಿದಾಗ ತೆರೆದುಕೊಳ್ಳುವ ನೆರಿಗೆ ಕೊಟ್ಟೆ. ಮುಂಭಾಗವನ್ನು ಗಿಡ್ಡ ಮಾಡಿ, ಹಿಂಭಾಗವನ್ನು 5 ಸೆಂಟಿಮೀಟರ್ ಉದ್ದ ಬಿಟ್ಟೆ. ನಮ್ಮ ಹಿರಿಯರು ಕೈ ಎತ್ತಿ, ಬಗ್ಗಿ, ನಮ್ಮ ಅಡುಗೆಮನೆಯ ಅಟ್ಟದಿಂದ ಡಬ್ಬ ಇಳಿಸಿ ಪರೀಕ್ಷೆ ಮಾಡಿ ಒಪ್ಪಿದರು. ಮೇಲೂ ಕೆಳಗೂ ತೆರೆಯುವ ಜಿಪ್ ಹಾಕಿದ ಮೇಲೆ ಹೊಟ್ಟೆಯ ಉಬ್ಬು ಹೋಯಿತು. ಕೂತ ಮೇಲೆ ಕೆಳಗಿನಿಂದ ನಾಲ್ಕು ಬೆರಳು ತೆರೆದರೆ ಸಾಕು. ಭುಜದ ಹೊಲಿಗೆಯನ್ನು ಮುಂದಕ್ಕೆ ಸರಿಸಿದೆ, ಪಟ್ಟಿ ಅದರ ಮೇಲೆಯೇ ಕೂತು ಒತ್ತದಿರಲಿ ಅಂತ.

ಬಣ್ಣದ ವಿಷಯದಲ್ಲಿ ನನ್ನ ಆಸೆ ಬೇರೆ ಇತ್ತು. ತಿಳಿ ಬಣ್ಣದಲ್ಲಿ ಚೆನ್ನಾಗಿ ಕಾಣುತ್ತದೆ ಅಂದುಕೊಂಡಿದ್ದೆ. ತಿಳಿ ಬಟ್ಟೆ ಗಾಜಿನಲ್ಲಿ ಪ್ರತಿಫಲಿಸಿ ಹೊರಗೆ ನೋಡಲು ತೊಂದರೆ ಕೊಡುತ್ತದೆ ಅಂತ ಅವಳು ಹೇಳಿದಳು. ಹೊರಗೆ ಕಡುನೀಲಿ, ಒಳಗೆ ಕಿತ್ತಳೆ ಲೈನಿಂಗ್ ಅಂತಾಯಿತು. ತುರ್ತಾಗಿ ಎಲ್ಲಾದರೂ ಇಳಿಯಬೇಕಾಗಿ ಬಂದರೆ ತಿರುಗಿಸಿ ಹಾಕಿಕೊಂಡರೆ ದೂರದಿಂದ ಕಾಣುತ್ತದೆ. ಇದೂ ಎಂಎ-1ರಿಂದಲೇ ಕಲಿತದ್ದು.

ಏಪ್ರಿಲ್‌ನಿಂದ ಜೂನ್‌ವರೆಗೆ ಬಟ್ಟೆಗಾಗಿ ಅಲೆದೆ. ಈ ಮೂರು ತಿಂಗಳು ನನ್ನನ್ನು ಬಹಳ ಕುಗ್ಗಿಸಿದವು. ಅರಾಮಿಡ್ ಬಟ್ಟೆ ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವುದಲ್ಲ. ಮಿಲ್‌ಗೆ ಫೋನ್ ಮಾಡಿದರೆ ಕನಿಷ್ಠ 500 ಮೀಟರ್ ಅಂದರು. ಮೀಟರ್‌ಗೆ 1,150 ರೂಪಾಯಿ. ಅಂದರೆ 5.75 ಲಕ್ಷ. ನನಗೆ ಬೇಕಾಗಿದ್ದದ್ದು 40 ಮೀಟರ್. "ಮೇಡಂ, ಕಂಪನಿ ಹೆಸರೇನು?" ಅಂತ ಕೇಳಿ, ಇಲ್ಲ ಅಂದ ತಕ್ಷಣ ಫೋನ್ ಇಟ್ಟವರೂ ಇದ್ದರು. ಕೊನೆಗೆ ಪೀಣ್ಯದಲ್ಲಿ ಕಾರ್ಖಾನೆ ಕಾರ್ಮಿಕರ ಸುರಕ್ಷತಾ ಉಡುಪು ಹೊಲಿಯುವ ಕಡೆ ಉಳಿದಿದ್ದ 42 ಮೀಟರ್ ರೋಲ್, ಮೀಟರ್‌ಗೆ 900ರಂತೆ ಸಿಕ್ಕಿತು. ಇದನ್ನು ನೆನಪಿಟ್ಟುಕೊಳ್ಳಿ: ಸಣ್ಣ ಪ್ರಮಾಣ ಬೇಕಾದರೆ ಮಿಲ್‌ಗಲ್ಲ, ಈ ಸುರಕ್ಷತಾ ಉಡುಪಿನವರ ಉಳಿಕೆ ರೋಲ್‌ಗೆ ಹೋಗಿ. ಆದರೆ ಮಿಲ್‌ನ ಪ್ರಮಾಣಪತ್ರದ ಪ್ರತಿ ಕೇಳಿ ಪಡೆಯಿರಿ. ನನ್ನ ರೋಲಿನ ಪತ್ರದಲ್ಲಿ ನೂರಕ್ಕೆ 93 ಭಾಗ ಮೆಟಾ-ಅರಾಮಿಡ್ (ನೋಮೆಕ್ಸ್ ಜಾತಿಯದ್ದು), 5 ಭಾಗ ಪ್ಯಾರಾ-ಅರಾಮಿಡ್ (ಇನ್ನೂ ಗಟ್ಟಿ ಜಾತಿಯದ್ದು), 2 ಭಾಗ ಸ್ಥಿರ ವಿದ್ಯುತ್ ತಡೆಯುವ ನಾರು ಅಂತ ಇತ್ತು. ಬೆಂಕಿ ತಡೆಯಲು ರಾಸಾಯನಿಕ ಹಾಕಿದ ಹತ್ತಿ ಬಟ್ಟೆಯೂ ಬರಿಗಣ್ಣಿಗೆ ಸುಮಾರು ಹೀಗೇ ಕಾಣುತ್ತದೆ, ಪತ್ರ ಇಲ್ಲದಿದ್ದರೆ ಯಾವುದು ಅಂತ ತಿಳಿಯದು. ಲೈನಿಂಗ್‌ಗೆ ನಾನು ಬಳಸಿದ್ದು ಆ ಹತ್ತಿಯನ್ನೇ.

ತೋಳಿನ ತುದಿಗೆ ಹೆಣೆದ ಅರಾಮಿಡ್ ಪಟ್ಟಿ ಬೇಕು ಅಂತ ಏಳು ವಾರ ಕಾದೆ, ಸಿಗಲಿಲ್ಲ. ಸಿಗದೆ ಹೋದದ್ದೇ ಒಳ್ಳೆಯದಾಯಿತು. ಹಾರುವ ಮುಂಚೆ ರೆಕ್ಕೆಯ ಕೆಳಗಿನಿಂದ ಇಂಧನದ ಸ್ಯಾಂಪಲ್ ತೆಗೆಯುವಾಗ ಅದು ಮಣಿಕಟ್ಟಿನ ಮೇಲೆ ಹರಿಯುತ್ತದೆ ಅಂತ ಅವಳು ಆಮೇಲೆ ತೋರಿಸಿದಳು. ಹೆಣೆದ ಪಟ್ಟಿ ಅದನ್ನು ಹೀರಿಕೊಂಡು ಕೂರುತ್ತಿತ್ತು. ಅದರ ಬದಲು ಅದೇ ಬಟ್ಟೆಯ ಕಫ್ ಮಾಡಿ, ವೆಲ್ಕ್ರೋ ಪಟ್ಟಿ ಕೊಟ್ಟೆ. ಜಿಪ್ಪಿನದ್ದು ಇನ್ನೊಂದು ಕಥೆ. ಅರಾಮಿಡ್ ಟೇಪಿಗೆ ಹಿತ್ತಾಳೆ ಹಲ್ಲಿನ ಜಿಪ್ ಆರ್ಡರ್ ಕೊಟ್ಟು ಐದು ವಾರ ಕಾದೆ. ಒಂದಕ್ಕೆ 420 ರೂಪಾಯಿ. ಜಿಪ್ಪಿನ ಹಿಂದೆ ಬಟ್ಟೆಯ ಪಟ್ಟಿ ಕೊಡುವುದನ್ನು ಮರೆಯಬೇಡಿ. ಲೋಹ ಕಾದರೆ ಎದೆಗೆ ನೇರವಾಗಿ ತಾಗಬಾರದು.

ಜುಲೈನಲ್ಲಿ ನಿಜವಾದ ಬಟ್ಟೆಯಲ್ಲಿ ಮೊದಲ ಜಾಕೆಟ್ ಬಂತು. ಹೊಲಿಗೆಯನ್ನು ಜಾಬ್ ವರ್ಕ್‌ಗೆ ಕೊಟ್ಟಿದ್ದೆ. ಖುಷಿಗೆ ಫೋಟೋ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ಅದು ದೊಡ್ಡ ತಪ್ಪು ಅಂತ ಗೊತ್ತಾಗಲು ಮೂರು ತಿಂಗಳು ಬೇಕಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಬಟ್ಟೆಯ ತುಂಡು ಮತ್ತು ಹೊಲಿಗೆ ಇರುವ ತುಂಡುಗಳನ್ನು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕಳಿಸಿದೆ. ಐಎಸ್‌ಒ 15025 ಪರೀಕ್ಷೆ. ನಿಂತ ಬಟ್ಟೆಗೆ 10 ಸೆಕೆಂಡು ಜ್ವಾಲೆ ಹಿಡಿದು, ತೆಗೆದ ಮೇಲೆ ಎಷ್ಟು ಹೊತ್ತು ಉರಿಯುತ್ತದೆ, ತೂತಾಗುತ್ತದಾ, ಕರಗಿ ಬೀಳುತ್ತದಾ ಅಂತ ನೋಡುತ್ತಾರೆ. ಆಗಸ್ಟ್‌ನಲ್ಲಿ ವರದಿ ಬಂತು. ಬಟ್ಟೆ ಪಾಸ್. ಹೊಲಿಗೆ ಬಿಟ್ಟುಕೊಂಡಿತ್ತು.

ವರದಿ ಹಿಡಿದು ಲ್ಯಾಬ್ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾನೇ ಕೋನ್‌ಗೆ 1,400 ರೂಪಾಯಿ ಕೊಟ್ಟು ಅರಾಮಿಡ್ ದಾರ ತಂದು ಕೊಟ್ಟಿದ್ದೆನಲ್ಲ, ಹೇಗೆ ಬಿಡುತ್ತದೆ? ಮನೆಗೆ ಬಂದು ಉಳಿದ ಜಾಕೆಟ್ಟಿನ ಹೊಲಿಗೆ ಬಿಚ್ಚಿದೆ. ಮೇಲಿನ ದಾರ ಸುಟ್ಟೆ, ಕರಟಿತು. ಕೆಳಗಿನ ಬಾಬಿನ್ ದಾರ ಸುಟ್ಟೆ, ಕರಗಿ ಮಣಿಯಾಯಿತು. ಬಾಬಿನ್‌ನಲ್ಲಿ ಮಾಮೂಲಿ ಪಾಲಿಯೆಸ್ಟರ್ ದಾರ ಹಾಕಿದ್ದರು. ಬಣ್ಣ ಒಂದೇ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಪಾಲಿಯೆಸ್ಟರ್ 260 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಅದು ಕರಗಿದರೆ ಎಷ್ಟು ಒಳ್ಳೆಯ ಬಟ್ಟೆಯಿದ್ದರೂ ಜಾಕೆಟ್ ತುಂಡು ತುಂಡಾಗಿ ಬೇರೆಯಾಗುತ್ತದೆ. ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಪರೀಕ್ಷೆಗೆ ಹೊಲಿಗೆ ತುಂಡು ಕಳಿಸದೆ ಬರೀ ಬಟ್ಟೆ ಕಳಿಸಿದ್ದರೆ ಪಾಸ್ ಅಂದುಕೊಂಡು ಮಗುವಿಗೆ ಅದನ್ನೇ ಹಾಕಿಸುತ್ತಿದ್ದೆ.

ಈ ಒಂದು ವಿಷಯಕ್ಕಾಗಿಯಾದರೂ ಇದನ್ನು ಓದಿ. ಹೊಲಿಗೆಯ ತುಂಡನ್ನೂ ಪರೀಕ್ಷೆಗೆ ಕಳಿಸಿ. ಪ್ರತಿ ಜಾಕೆಟ್ ಬಂದಾಗಲೂ ಒಳಗಿನ ಮೂಲೆಯಿಂದ ಮೇಲಿನ ದಾರ, ಕೆಳಗಿನ ದಾರ, ಓವರ್‌ಲಾಕ್ ದಾರ ಮೂರನ್ನೂ ಒಂದೊಂದು ಚೂರು ತೆಗೆದು ಸುಟ್ಟು ನೋಡಿ. ಬ್ರ್ಯಾಂಡ್ ಲೇಬಲ್ ಹೊಲಿಯುವ ದಾರವನ್ನೂ ಬಿಡಬೇಡಿ.

ಹೊಲಿಗೆಯವರನ್ನು ಬದಲಿಸಿದೆ. ಬಾಬಿನ್‌ಗಳನ್ನು ನಾನೇ ಸುತ್ತಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಸೆಪ್ಟೆಂಬರ್‌ನಲ್ಲಿ ಎರಡನೇ ವರದಿ ಬಂತು. ಎಲ್ಲವೂ ಪಾಸ್. ಎರಡು ಸಲಕ್ಕೆ ಸೇರಿ 22 ಸಾವಿರ ಖರ್ಚು. ಲೇಬಲ್‌ನಲ್ಲಿ "ಬೆಂಕಿಗೆ ಜಗ್ಗದು" ಅಂತೆಲ್ಲ ಬರೆಯಲಿಲ್ಲ. ಯಾವ ಪರೀಕ್ಷೆ, ಯಾವ ತಿಂಗಳು, ಅಷ್ಟೇ ಬರೆದೆ.

ಅಷ್ಟರಲ್ಲಿ ಅವಳ ಜೊತೆಯವರು ಆರು ಜನ ಕೇಳಿದ್ದರು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಕಲಿಯುತ್ತಿದ್ದ ಅವಳ ಸ್ನೇಹಿತರು ನಾಲ್ಕು ಬೇಕು ಅಂದರು. ಇಲ್ಲಿ ಜಿಎಸ್‌ಟಿ ಬಂತು. ಕರ್ನಾಟಕದ ಒಳಗೇ ಮಾರಿದ್ದರೆ ನನ್ನಂಥ ಸಣ್ಣ ವಹಿವಾಟಿಗೆ ನೋಂದಣಿ ಬೇಕಾಗುತ್ತಿರಲಿಲ್ಲ. ಮಹಾರಾಷ್ಟ್ರಕ್ಕೆ ಸರಕು ಕಳಿಸಬೇಕಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕೇ ಬೇಕು. ನಾನು 9,500 ಬೆಲೆಗೆ 12 ಪರ್ಸೆಂಟ್ ಸೇರಿಸಿ 10,640 ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ಉಡುಪಿಗೆ 18 ಪರ್ಸೆಂಟ್ ಆಯಿತು. ಒಂದು ಜಾಕೆಟ್‌ಗೆ 570 ರೂಪಾಯಿ ವ್ಯತ್ಯಾಸ. ಕಲಿಯುವ ಮಕ್ಕಳು, ಹಾರಾಟದ ಗಂಟೆಗಳಿಗೇ ಅಪ್ಪ ಅಮ್ಮ ಸಾಲ ಮಾಡಿರುತ್ತಾರೆ. ಹೇಳಿದ ಬೆಲೆಗೇ ಕೊಟ್ಟೆ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಯನ್ನೂ ಮಾಡಿಸಿದೆ. ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಅಲ್ಲಿಂದ ಹೊರಗೆ ಬನ್ನಿ.

ಅಕ್ಟೋಬರ್‌ನಲ್ಲಿ ಬೇರೆಯವರು ನಕಲು ಮಾಡದಿರಲಿ ಅಂತ ವಿನ್ಯಾಸ ನೋಂದಣಿಗೆ ಏಜೆಂಟ್ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಇದನ್ನು ಎಲ್ಲಾದರೂ ತೋರಿಸಿದ್ದೀರಾ?" ಇನ್‌ಸ್ಟಾಗ್ರಾಂ ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. 2000ದ ವಿನ್ಯಾಸ ಕಾಯ್ದೆ ಪ್ರಕಾರ ಅರ್ಜಿ ಹಾಕುವ ಮುಂಚೆ ಜನರ ಮುಂದೆ ಬಂದುಬಿಟ್ಟ ವಿನ್ಯಾಸವನ್ನು ನೋಂದಾಯಿಸಲು ಆಗುವುದಿಲ್ಲ. ಅಷ್ಟು ತಿಂಗಳು ಕೂತು ತಿದ್ದಿದ ಮುಂಭಾಗ ಹೀಗೆ ಕೈತಪ್ಪಿತು. ಬಹಳ ಬೇಸರವಾಯಿತು. ಫೋಟೋದಲ್ಲಿ ಇಲ್ಲದಿದ್ದದ್ದು ಆಮೇಲೆ ಬದಲಿಸಿದ ತೋಳಿನ ಜೇಬಿನ ಆಕಾರ ಒಂದೇ. ಅದಕ್ಕೆ ಮಾತ್ರ ಅರ್ಜಿ ಹಾಕಿದೆವು. ವ್ಯಕ್ತಿಗಳಿಗೆ ಸರ್ಕಾರಿ ಶುಲ್ಕ 1,000 ರೂಪಾಯಿ, ಏಜೆಂಟ್‌ಗೆ 6,000. ನೋಂದಣಿಯಾದರೆ 10 ವರ್ಷ ರಕ್ಷಣೆ, ಮತ್ತೆ 5 ವರ್ಷ ಮುಂದುವರಿಸಬಹುದು. ಕಣ್ಣಿಗೆ ಕಾಣುವ ರೂಪಕ್ಕೆ ಮಾತ್ರ ಇದು ಅನ್ವಯ, ಕೆಲಸ ಮಾಡುವ ರೀತಿಗಲ್ಲ. ನನ್ನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.

ಹುಡುಗರಲ್ಲಿ ಇಬ್ಬರು ಎದೆಯ ಮೇಲೆ ವಾಯುಪಡೆಯ ರೆಕ್ಕೆ ಬ್ಯಾಡ್ಜ್ ಹೊಲಿದುಕೊಡಿ ಅಂತ ಕೇಳಿದರು. ನಮ್ಮ ಹಿರಿಯರು ಕೇಳಿಸಿಕೊಂಡು, "ಅದು ಗಳಿಸಿಕೊಳ್ಳೋದು ಮಗೂ, ಹೊಲಿಸಿಕೊಳ್ಳೋದಲ್ಲ" ಅಂದರು. ಸೇನೆಯ ಗುರುತನ್ನು ಹಾಕಿಕೊಂಡು ಸೈನಿಕರಂತೆ ತೋರಿಸಿಕೊಳ್ಳುವುದು ಕಾನೂನಿನ ಪ್ರಕಾರವೂ ತಪ್ಪು. ಹೆಸರಿನ ಪಟ್ಟಿಗೆ ಮಾತ್ರ ಜಾಗ ಬಿಟ್ಟೆ.

ಎಲ್ಲ ಸೇರಿ ಖರ್ಚು ಸುಮಾರು 1,33,000. ಹತ್ತು ಮಾರಿದೆ. ಒಂದು ಅವಳಿಗೆ, ಒಂದು ನಮ್ಮ ಹಿರಿಯರಿಗೆ ಕೊಟ್ಟೆ. ತೆರಿಗೆ ಕಳೆದು ಕೈಗೆ ಬಂದದ್ದು 90 ಸಾವಿರದ ಹತ್ತಿರ. ಅಂದರೆ 43 ಸಾವಿರ ನನ್ನ ಉಳಿತಾಯದಿಂದ ಹೋಯಿತು. ಇದರಲ್ಲಿ ನನ್ನ ಕೂಲಿ ಸೇರಿಲ್ಲ. ಮೊದಲ ಬ್ಯಾಚ್‌ನಲ್ಲೇ ಲಾಭ ಬರುತ್ತದೆ ಅಂತ ಲೆಕ್ಕ ಹಾಕಿ ಸಾಲ ಮಾಡಬೇಡಿ.

ಜಾಕೆಟ್ ತಗೊಂಡವರಿಗೆ ಒಂದು ಚೀಟಿ ಬರೆದು ಜೇಬಿನಲ್ಲಿ ಇಟ್ಟಿದ್ದೇನೆ. ಬ್ಲೀಚ್ ಬೇಡ, ಕಂಫರ್ಟ್‌ನಂಥ ಸಾಫ್ಟನರ್ ಬೇಡ, ಅದರ ಅಂಟು ಬಟ್ಟೆಯ ಮೇಲೆ ಉಳಿದು ಉರಿಯುತ್ತದೆ. ಅರಾಮಿಡ್ ಬಿಸಿಲಿಗೆ ಸೊರಗುತ್ತದೆ, ನೆರಳಲ್ಲಿ ಒಣಗಿಸಿ. ಎಣ್ಣೆ, ಇಂಧನ ತಾಗಿದರೆ ಒಗೆಯುವವರೆಗೆ ಹಾಕಿಕೊಳ್ಳಬೇಡಿ. ಒಳಗೆ ಪಾಲಿಯೆಸ್ಟರ್ ಟೀ ಶರ್ಟ್ ಬೇಡ, ಹತ್ತಿಯದ್ದೇ ಇರಲಿ.

ನಿನ್ನೆ ಒಬ್ಬರು ಇನ್‌ಸ್ಟ್ರಕ್ಟರ್ ಫೋನ್ ಮಾಡಿದ್ದರು. ಬಲಗಡೆ ಸೀಟಿನಲ್ಲಿ ಕೂತಾಗ ಅವರ ಎಡತೋಳು ವಿದ್ಯಾರ್ಥಿಯ ತೋಳಿಗೆ ತಾಗುತ್ತಿರುತ್ತದಂತೆ, ಪೆನ್ನಿನ ಜೇಬು ಉಜ್ಜುತ್ತದಂತೆ. "ಮೇಡಂ, ನಮಗೆ ಅದು ಬಲತೋಳಿಗೆ ಬಂದ್ರೆ ಒಳ್ಳೇದು" ಅಂದರು. ಸೀಟುಗಳು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಇರುವುದನ್ನು ನಾನು ನೋಡಿಯೂ ಇದನ್ನು ಯೋಚಿಸಿರಲಿಲ್ಲ. ಪ್ಯಾಟರ್ನ್ ಕಾಗದ ತೆಗೆದು ಬಲತೋಳಿನ ಮೇಲೂ ಪೆನ್ಸಿಲ್‌ನಲ್ಲಿ ಜೇಬಿನ ಗುರುತು ಹಾಕಿದೆ. ರೋಲಿನಲ್ಲಿ ಇನ್ನೂ ಒಂದು ಜಾಕೆಟ್‌ಗಾಗುವಷ್ಟು ಬಟ್ಟೆ ಇದೆ. ಈ ಶನಿವಾರ ಅವರ ಅಳತೆ ತೆಗೆಯಲು ಹೋಗುತ್ತಿದ್ದೇನೆ, ಅವರನ್ನು ಬಲಗಡೆ ಸೀಟಿನಲ್ಲಿ ಕೂರಿಸಿ.